ಚರ್ಮದ ಮೇಲೆ ಅಚ್ಚು ಸರಿಯಾಗಿ ಮೂಡದಿದ್ದರೆ: ಅಡಿಗಲ್ಲಿನಿಂದ ಮೇಲಕ್ಕೆ ದೋಷ ಹುಡುಕುವ ಕ್ರಮ

ಚರ್ಮದ ಮೇಲೆ ಅಚ್ಚು ಹೊಡೆದು ಹೂಬಳ್ಳಿ ಮೂಡಿಸುವ ಕೆಲಸವನ್ನು ಹೊಸದಾಗಿ ಕೈಗೆತ್ತಿಕೊಂಡವರು ಆರಂಭದಲ್ಲಿ ಹೇಳುವ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಎಷ್ಟು ಬಲವಾಗಿ ಹೊಡೆದರೂ ಅಚ್ಚು ತೆಳ್ಳಗೆ ಬೀಳುತ್ತದೆ, ಇಲ್ಲವೇ ಚೆನ್ನಾಗಿ ಬಿದ್ದಂತೆ ಕಂಡದ್ದು ಸಂಜೆಯ ಹೊತ್ತಿಗೆ ಮಾಸಿಹೋಗಿರುತ್ತದೆ. ಆಗ ಹೆಚ್ಚಿನವರು ಅಚ್ಚುಗಳನ್ನೇ ಅನುಮಾನಿಸಿ ಇನ್ನಷ್ಟು ಬೆಲೆಯ ಅಚ್ಚುಗಳನ್ನು ತರಿಸುತ್ತಾರೆ. ಹಣ ಹೋಗುತ್ತದೆ, ದೋಷ ಉಳಿಯುತ್ತದೆ. ನನ್ನ ಅನುಭವದಲ್ಲಿ ಇಂಥ ದೋಷದ ಮೂಲ ಅಚ್ಚಿನಲ್ಲಿರುವುದು ಅಪರೂಪ. ಅದು ಚರ್ಮದ ಕೆಳಗೆ, ಅಂದರೆ ಕೆಲಸ ನಡೆಯುವ ಅಡಿಗಲ್ಲಿನಲ್ಲಿ ಅಥವಾ ಆ ಕಲ್ಲನ್ನು ಹೊತ್ತ ಮೇಜಿನಲ್ಲಿ ಇರುತ್ತದೆ. ಅಲ್ಲಿಲ್ಲದಿದ್ದರೆ ಚರ್ಮದ ತೇವದಲ್ಲಿರುತ್ತದೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಹುಡುಕಬೇಕು. ಮೊದಲು ನೆಲೆ, ಆಮೇಲೆ ಕಲ್ಲು, ಆಮೇಲೆ ಚರ್ಮದ ಜಾತಿ ಮತ್ತು ತೇವ, ಎಲ್ಲಕ್ಕಿಂತ ಕೊನೆಗೆ ಅಚ್ಚು ಮತ್ತು ಕೈ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕಲ್ಲನ್ನೂ ತೇವವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂಬುದು ತಿಳಿಯುವುದಿಲ್ಲ.

ಈ ಕೆಲಸಕ್ಕೆ ಬೇಕಾದ ಎರಡು ಮುಖ್ಯ ವಸ್ತುಗಳು ನಮ್ಮ ಭಾಗದಲ್ಲಿ ದೂರದಿಂದ ಬರಬೇಕಾಗಿಲ್ಲ. ಅಥಣಿ, ನಿಪ್ಪಾಣಿಗಳ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವ ಮನೆಗಳಲ್ಲಿ ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಒಗರಿನಲ್ಲಿ ಹದ ಮಾಡಿದ ಚರ್ಮದ ಬಳಕೆ ತಲೆಮಾರುಗಳಿಂದ ನಡೆದು ಬಂದಿದೆ. ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮತ್ತು ಧಾರವಾಡ ಜಿಲ್ಲೆಗಳೂ ಅದರ ವ್ಯಾಪ್ತಿಗೆ ಸೇರಿದವು. ಇನ್ನು ಕಲ್ಲಿನ ಮಾತಿಗೆ ಬಂದರೆ, ಇಳಕಲ್ಲಿನ ಕೆಂಪು ಗ್ರಾನೈಟ್ ಎಲ್ಲರಿಗೂ ಗೊತ್ತಿರುವುದೇ. ಹೀಗಿರುವಾಗ ಹೊರಗಿನಿಂದ ದುಬಾರಿ ಹಲಗೆ ತರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಮೊದಲು ಸ್ಥಳ ಬದಲಿಸಿ ನೋಡುವುದು

ಅಚ್ಚು ತೆಳ್ಳಗೆ ಬೀಳುತ್ತಿದ್ದರೆ ಮಾಡಬೇಕಾದ ಮೊದಲ ಪರೀಕ್ಷೆಗೆ ಕಾಸಿನ ಖರ್ಚೂ ಇಲ್ಲ. ಒಂದೇ ತುಂಡು ಚರ್ಮವನ್ನು ತೇವ ಮಾಡಿಕೊಂಡು, ಈಗ ಕೆಲಸ ಮಾಡುತ್ತಿರುವ ಮೇಜಿನ ಮೇಲೆಯೇ ಒಂದು ಅಚ್ಚನ್ನು ಮೂರು ಸಲ, ಒಂದರ ಪಕ್ಕ ಒಂದರಂತೆ ಹೊಡೆಯಬೇಕು. ಬಳಿಕ ಅದೇ ಕಲ್ಲನ್ನು ಮೇಜಿನಿಂದ ಇಳಿಸಿ, ಅಂಗಳದ ಗಟ್ಟಿ ನೆಲದ ಮೇಲೋ ಮನೆಯ ಮುಂದಿನ ಕಲ್ಲಿನ ಕಟ್ಟೆಯ ಮೇಲೋ ಅಲುಗಾಡದಂತೆ ಇಟ್ಟು, ಅದೇ ಚರ್ಮದ ಮೇಲೆ ಅದೇ ಅಚ್ಚನ್ನು ಅಷ್ಟೇ ಬಲದಿಂದ ಮತ್ತೆ ಮೂರು ಸಲ ಹೊಡೆಯಬೇಕು. ಟೈಲ್ಸ್ ಹಾಕಿದ ನೆಲದ ಮೇಲೆ ಇದನ್ನು ಮಾಡಬಾರದು, ಟೈಲ್ಸ್ ಒಡೆಯುತ್ತದೆ. ನೆಲದ ಮೇಲೆ ಹೊಡೆದ ಅಚ್ಚು ಸ್ಪಷ್ಟವಾಗಿ ಆಳವಾಗಿದ್ದರೆ ದೋಷ ಮೇಜಿನದು. ಕಲ್ಲನ್ನಾಗಲಿ ಚರ್ಮವನ್ನಾಗಲಿ ಬದಲಿಸಬೇಕಾಗಿಲ್ಲ. ಎರಡೂ ಒಂದೇ ರೀತಿ ತೆಳ್ಳಗಿದ್ದರೆ ಮಾತ್ರ ಮುಂದಿನ ಪರೀಕ್ಷೆಗೆ ಹೋಗಬೇಕು.

ಹೀಗಾಗಲು ಕಾರಣ ಸರಳವಾಗಿದೆ. ಹೊಡೆತದ ಬಲ ಅಚ್ಚಿನ ಮೂಲಕ ಚರ್ಮಕ್ಕೆ ಇಳಿದಾಗ ಕೆಳಗಿನ ಆಸರೆ ಒಂದಿಷ್ಟೂ ಕದಲದಿದ್ದರೆ ಚರ್ಮದ ನಾರುಗಳು ಅಚ್ಚು ಮತ್ತು ಕಲ್ಲಿನ ನಡುವೆ ಸಿಕ್ಕಿ ಒತ್ತಿಕೊಳ್ಳುತ್ತವೆ. ಪ್ಲೈವುಡ್ಡಿನ ಮೇಜು, ಮಡಚುವ ಕಾಲಿನ ಮೇಜು, ಓದುವ ಟೇಬಲ್ಲು ಇವೆಲ್ಲ ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ಬಾಗಿ ಮತ್ತೆ ಮೇಲೇಳುತ್ತವೆ, ಮತ್ತು ಬಲದ ಒಂದು ಪಾಲು ಆ ಬಾಗುವಿಕೆಯಲ್ಲಿಯೇ ಮುಗಿದುಹೋಗುತ್ತದೆ. ಮೇಲೇಳುವಾಗ ಚರ್ಮವೂ ಅಚ್ಚೂ ಪುಟಿಯುವುದರಿಂದ ಒಂದು ಅಚ್ಚಿನ ಪಕ್ಕದಲ್ಲಿ ಅದರದೇ ನೆರಳಿನಂತೆ ಎರಡನೆಯ ಗುರುತು ಬೀಳುವುದೂ ಉಂಟು. ಜೋಡಿ ಗುರುತು ಕಂಡರೆ ಮೊದಲು ಮೇಜನ್ನೇ ಅನುಮಾನಿಸಬೇಕು.

ಮೇಜನ್ನು ಬದಲಿಸಲು ಆಗದವರು ಕಲ್ಲನ್ನು ಮೇಜಿನ ನಡುವಿನಿಂದ ತೆಗೆದು, ಅದರ ಒಂದು ಕಾಲಿನ ನೇರ ಮೇಲಕ್ಕೆ ಸರಿಸಿದರೆ ಅರ್ಧ ತೊಂದರೆ ನೀಗುತ್ತದೆ. ಇದಕ್ಕಿಂತ ಉತ್ತಮವಾದದ್ದು ಹುಣಸೆ ಮರದ ಕೊರಡು. ಒಂದೂವರೆ ಅಡಿ ಅಗಲದ, ಅಡ್ಡಕ್ಕೆ ಕೊಯ್ದ, ಚೆನ್ನಾಗಿ ಒಣಗಿದ ಕೊರಡನ್ನು ನೆಲದ ಮೇಲೆ ನಿಲ್ಲಿಸಿ ಅದರ ತಲೆಯ ಮೇಲೆ ಕಲ್ಲಿಟ್ಟರೆ ಯಾವ ಮೇಜೂ ಅದಕ್ಕೆ ಸಮನಾಗದು. ನೆಲದ ಮೇಲೆ ಕುಳಿತು ಕೆಲಸ ಮಾಡುವ ಅಭ್ಯಾಸವಿದ್ದರೆ ಕೊರಡೂ ಬೇಡ. ಕಲ್ಲನ್ನು ನೆಲಕ್ಕೆ ಕೂಡಿಸಿದರಾಯಿತು. ನಮ್ಮ ಚಪ್ಪಲಿ ಕುಶಲಕರ್ಮಿಗಳು ಹಾಗೆ ಕುಳಿತು ಕೆಲಸ ಮಾಡುವುದರಲ್ಲಿ ದೊಡ್ಡ ಅನುಕೂಲವೊಂದಿದೆ ಎಂಬುದನ್ನು ಹೊಸಬರು ಗಮನಿಸಬೇಕು.

ಕಲ್ಲಿನ ಆಯ್ಕೆ ಮತ್ತು ಪರೀಕ್ಷೆ

ಎಲ್ಲ ಕಲ್ಲೂ ಈ ಕೆಲಸಕ್ಕೆ ಆಗುವುದಿಲ್ಲ. ಮನೆಗಳಿಗೆ ಹಾಸುವ ಶಹಾಬಾದ್ ಫರಶಿ ಅಗ್ಗವಾಗಿ ಸಿಗುತ್ತದೆ, ನೋಡಲು ಸಮತಟ್ಟಾಗಿಯೂ ಇರುತ್ತದೆ, ಆದರೆ ಅದು ಪದರ ಪದರವಾದ ಸುಣ್ಣಕಲ್ಲು. ಒಂದೇ ಕಡೆ ಮತ್ತೆ ಮತ್ತೆ ಪೆಟ್ಟು ಬಿದ್ದರೆ ಪದರ ಬಿಡುತ್ತದೆ ಅಥವಾ ಸೀಳುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಗುಡಿಗಳನ್ನು ಕಟ್ಟಿದ ಮರಳುಗಲ್ಲು ಶಿಲ್ಪಿಯ ಉಳಿಗೆ ಒಲಿಯುವ ಕಲ್ಲು. ಅಡಿಗಲ್ಲಾದರೆ ಮಾತ್ರ ಕಾಳು ಉದುರಿಸುತ್ತದೆ, ಆ ಮರಳಿನ ಕಾಳು ತೇವದ ಚರ್ಮದೊಳಗೆ ಕೂತು ಮೇಲ್ಮೈಯಲ್ಲಿ ಗುಳಿ ಎಬ್ಬಿಸುತ್ತದೆ. ವಿಜಯಪುರ ಮತ್ತು ಬೆಳಗಾವಿಯ ಉತ್ತರ ಭಾಗದಲ್ಲಿ ಸಿಗುವ ಕರಿಕಲ್ಲು, ಅಂದರೆ ಗೋಲಗುಮ್ಮಟವನ್ನು ಕಟ್ಟಿದ ಬಸಾಲ್ಟ್, ಗಟ್ಟಿತನದಲ್ಲಿ ಯಾವುದಕ್ಕೂ ಕಡಿಮೆಯಿಲ್ಲ, ಆದರೆ ಸಮತಟ್ಟಾಗಿ ಕೊಯ್ದು ನಯ ಮಾಡಿದ ತುಂಡು ಸಿಗಬೇಕು. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಮಸಾಲೆ ಅರೆಯುವ ಕಲ್ಲನ್ನು ಬಳಸುವ ಆಸೆ ಹಲವರಿಗೆ ಆಗುತ್ತದೆ; ಅದು ವರ್ಷಗಟ್ಟಲೆ ಸವೆದು ನಡುವೆ ತಗ್ಗಾಗಿರುವುದರಿಂದ ಬೇಡ. ಸುಲಭವಾಗಿ ಸಿಗುವ, ನಂಬಬಹುದಾದ ಕಲ್ಲೆಂದರೆ ಪಾಲಿಶ್ ಮಾಡಿದ ಗ್ರಾನೈಟ್.

ಅದಕ್ಕಾಗಿ ಪೂರ್ತಿ ಹಲಗೆ ಕೊಳ್ಳಬೇಕಾಗಿಲ್ಲ. ಅಡುಗೆ ಕಟ್ಟೆಗೆ ಕಲ್ಲು ಕೊರೆದು ಕೊಡುವ ಅಂಗಡಿಯ ಹಿಂಭಾಗದಲ್ಲಿ ಸಿಂಕಿಗಾಗಿ ಕೊರೆದು ತೆಗೆದ ತುಂಡುಗಳು ಒಂದರ ಮೇಲೊಂದು ಬಿದ್ದಿರುತ್ತವೆ. "ಅಣ್ಣಾರ, ಸಿಂಕ್ ಕೊರದ ತುಂಡು ಅದಾವೇನ್ರಿ, ಒಂದಡಿ ಚೌಕ ಆದ್ರ ಸಾಕ್ರಿ" ಎಂದು ಕೇಳಿದರೆ ಅವರೇ ಆರಿಸಿಕೊಳ್ಳಲು ಬಿಡುತ್ತಾರೆ. ಅಡುಗೆ ಕಟ್ಟೆಯ ಕಲ್ಲು ಸಾಮಾನ್ಯವಾಗಿ 18ರಿಂದ 20 ಮಿ.ಮೀ. ದಪ್ಪ ಇರುತ್ತದೆ. ಒಂದಡಿ ಚೌಕದ ಅಂಥ ತುಂಡಿನ ತೂಕ ಐದು ಕಿಲೋ ಮುಟ್ಟುವುದಿಲ್ಲ. ಅದು ಹೊಡೆತಕ್ಕೆ ಜಿಗಿಯುತ್ತದೆ, ಕೆಳಗೆ ಆಸರೆ ತಪ್ಪಿದಲ್ಲಿ ಬಿರಿಯುತ್ತದೆ. ಅದೇ ಅಳತೆಯ ಕಲ್ಲು 5 ಸೆಂ.ಮೀ. ದಪ್ಪವಿದ್ದರೆ ಸುಮಾರು 12 ಕಿಲೋ ತೂಗುತ್ತದೆ ಮತ್ತು ಹೊಡೆತದ ಕೆಳಗೆ ಅಲುಗದೆ ಕೂಡುತ್ತದೆ. ಹೀಗಾಗಿ ದಪ್ಪ ಕಲ್ಲು ಸಿಕ್ಕರೆ ಅದನ್ನೇ ತರಬೇಕು. ಸಿಗದಿದ್ದರೆ ತೆಳುವಾದ ಎರಡು ಅಥವಾ ಮೂರು ತುಂಡುಗಳನ್ನು ಅಂಟಿಸಿಕೊಳ್ಳಬೇಕು.

ಆರಿಸುವಾಗ ಬಿರುಕಿನ ಪರೀಕ್ಷೆ ತಪ್ಪಿಸಬಾರದು. ಕಲ್ಲನ್ನು ಒಂದು ಮರದ ರಿಪೀಸಿನ ಮೇಲೆ ನಡುಮಧ್ಯಕ್ಕೆ ಇಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ, ಅಖಂಡವಾದ ಕಲ್ಲು ಖಣಖಣ ನಾದ ಕೊಡುತ್ತದೆ, ಒಳಬಿರುಕಿರುವ ಕಲ್ಲು ಬದ್ದೆಂದು ಸತ್ತ ಸದ್ದು ಮಾಡುತ್ತದೆ. ಇನ್ನೂ ಸಂದೇಹವಿದ್ದರೆ ಮೇಲೆ ನೀರು ಸುರಿದು ಬಟ್ಟೆಯಿಂದ ಒರೆಸಿ ಕಾಯಬೇಕು. ಮೇಲ್ಮೈ ಒಣಗುತ್ತ ಬಂದಂತೆ ಬಿರುಕಿನಲ್ಲಿ ಇಳಿದ ನೀರು ಕೊನೆಯವರೆಗೂ ಉಳಿದು, ಅಲ್ಲಿಯವರೆಗೆ ಕಣ್ಣಿಗೆ ಬೀಳದಿದ್ದ ಗೆರೆಯನ್ನು ಕಪ್ಪು ದಾರದಂತೆ ತೋರಿಸುತ್ತದೆ. ಗ್ರಾನೈಟಿನ ಸಹಜ ನರಗಳೂ ಗೆರೆಯಂತೆಯೇ ಕಾಣುತ್ತವೆ, ಆದರೆ ಅವು ನೀರು ಹಿಡಿದಿಡುವುದಿಲ್ಲ.

ಅಡಿಗಲ್ಲು ಸಿದ್ಧಪಡಿಸುವ ರೀತಿ

ತೆಳು ತುಂಡುಗಳನ್ನು ಅಂಟಿಸುವುದಾದರೆ ಮೇಲಿನ ತುಂಡಿನ ಪಾಲಿಶ್ ಮುಖ ಮೇಲಕ್ಕೂ ಒರಟು ಮುಖ ಕೆಳಕ್ಕೂ ಬರಬೇಕು. ಕೆಳಗಿನ ತುಂಡಿನ ಒರಟು ಮುಖ ಮೇಲಕ್ಕೆ ಬರಬೇಕು. ಒರಟು ಮುಖಗಳೆರಡು ಕೂಡಿದರೆ ಅಂಟು ಬಲವಾಗಿ ಹಿಡಿಯುತ್ತದೆ. ಎರಡನ್ನೂ ತೊಳೆದು ಪೂರ್ತಿ ಒಣಗಿಸಿ, ಅರಾಲ್ಡೈಟ್‌ನಂಥ ಎರಡು ಭಾಗ ಬೆರೆಸುವ ಎಪಾಕ್ಸಿ ಅಂಟನ್ನು ಮೇಲ್ಮೈಯ ಎಲ್ಲ ಕಡೆಗೂ ಹರಡಬೇಕು. ನಾಲ್ಕು ಮೂಲೆಗೆ ನಾಲ್ಕು ಬೊಟ್ಟು ಇಟ್ಟರೆ ನಡುವೆ ಪೊಳ್ಳು ಉಳಿಯುತ್ತದೆ, ಮತ್ತು ಆ ಪೊಳ್ಳಿನ ಮೇಲೆಯೇ ಮುಂದೆ ಕಲ್ಲು ಬಿರಿಯುತ್ತದೆ. ಮೇಲೆ ಭಾರವಿಟ್ಟು ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಬೇಕು.

ಅನಂತರ ಅಂಚು. ಕೊರೆದ ಕಲ್ಲಿನ ಅಂಚು ಚಾಕುವಿನಷ್ಟು ಹರಿತವಾಗಿರುತ್ತದೆ, ಅದರ ಮೇಲೆ ತೇವದ ಚರ್ಮ ಬಾಗಿದರೆ ನೇರವಾದ ಗೆರೆಯೊಂದು ಬಿದ್ದು ಒಣಗಿದ ಮೇಲೆಯೂ ಹೋಗುವುದಿಲ್ಲ. ಬೆಲ್ಟಿನಂಥ ಉದ್ದನೆಯ ಕೆಲಸದಲ್ಲಿ ಎಲ್ಲಿಯದೋ ಒಂದು ಅಡ್ಡಗೆರೆ ಕಾಣುತ್ತಿದ್ದರೆ ಕಾರಣ ಈ ಅಂಚೇ. ಚಾಕು ಮಸೆಯುವ ಒರಟು ಸಾಣೆಕಲ್ಲಿನಿಂದ ಅಂಚನ್ನು ಗುಂಡಗೆ ಉಜ್ಜಬೇಕು. ಉಜ್ಜುವಾಗ ನೀರು ಹಾಕುತ್ತಲೇ ಇರಬೇಕು, ಏಕೆಂದರೆ ಗ್ರಾನೈಟಿನ ಒಣ ಧೂಳಿನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಸಿಲಿಕಾ ಇರುತ್ತದೆ. ಗ್ರೈಂಡರಿನಿಂದ ಒಣಗಿದಂತೆಯೇ ತಿಕ್ಕುವುದನ್ನು ಮನೆಯೊಳಗೆ ಎಂದಿಗೂ ಮಾಡಬಾರದು.

ಕಲ್ಲಿನ ಕೆಳಗೆ ಏನಿಡಬೇಕು ಎಂಬ ಪ್ರಶ್ನೆಯಲ್ಲಿ ಹೊಸಬರು ಎಡವುವುದು ಹೆಚ್ಚು. ಸದ್ದು ಕಡಿಮೆಯಾಗಲೆಂದು ದಪ್ಪನೆಯ ರಬ್ಬರ್ ಮ್ಯಾಟನ್ನೋ ಮಡಚಿದ ಕೌದಿಯನ್ನೋ ಹಾಕಿದರೆ, ಕಲ್ಲಿನ ಭಾರದಿಂದ ಬಂದ ಲಾಭವನ್ನು ಆ ಮೆತ್ತೆಯೇ ನುಂಗಿಬಿಡುತ್ತದೆ. 2–3 ಮಿ.ಮೀ. ದಪ್ಪದ ರಬ್ಬರ್ ಹಾಳೆ ಸಾಕು. ಅದು ಕಲ್ಲು ಜಾರದಂತೆ ಹಿಡಿಯುತ್ತದೆ, ಮೇಜಿನ ಸಣ್ಣ ಉಬ್ಬುತಗ್ಗುಗಳನ್ನು ತುಂಬಿಕೊಳ್ಳುತ್ತದೆ. ಸದ್ದು ಅಕ್ಕಪಕ್ಕದವರಿಗೆ ತೊಂದರೆ ಎನಿಸಿದರೆ ಕೆಲಸದ ವೇಳೆಯನ್ನು ಬದಲಿಸುವುದೇ ಸರಿಯಾದ ದಾರಿ.

ಕೂಡಿಸಿದ ಮೇಲೆ ಒಂದು ಪರೀಕ್ಷೆಯಿದೆ. ಗ್ಯಾರೇಜಿನಲ್ಲಿ ಹಳೆಯ ಬೇರಿಂಗಿನ ಒಂದು ದೊಡ್ಡ ಉಕ್ಕಿನ ಗುಂಡನ್ನು ಕೇಳಿ ತಂದು, ಕಲ್ಲಿನ ಮೇಲೆ ಗೇಣು ಎತ್ತರದಿಂದ ಬೇರೆ ಬೇರೆ ಜಾಗಗಳಲ್ಲಿ ಬೀಳಿಸಬೇಕು. ಎಲ್ಲ ಕಡೆಯೂ ಒಂದೇ ಎತ್ತರಕ್ಕೆ ಪುಟಿದರೆ ಆಸರೆ ಸರಿಯಾಗಿದೆ. ಒಂದು ಜಾಗದಲ್ಲಿ ಮಾತ್ರ ಗುಂಡು ಮಂಕಾಗಿ ಪುಟಿದು ಸದ್ದೂ ಬದಲಾದರೆ ಅದರ ಕೆಳಗೆ ಅಂಟು ಕೂಡಿಲ್ಲ ಅಥವಾ ಮೇಜಿಗೂ ಕಲ್ಲಿಗೂ ನಡುವೆ ಸಂದು ಇದೆ ಎಂದರ್ಥ. ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಕಲ್ಲನ್ನು ತಿರುಗಿಸಿಟ್ಟು ಮತ್ತೆ ಗುಂಡು ಬೀಳಿಸಬೇಕು. ಮಂಕು ಜಾಗ ಕಲ್ಲಿನ ಜೊತೆಗೇ ತಿರುಗಿ ಬಂದರೆ ಅಂಟಿನ ದೋಷ. ಮೇಜಿನ ಅದೇ ಮೂಲೆಯಲ್ಲಿ ಉಳಿದರೆ ಮೇಜಿನ ದೋಷ.

ಈ ಕಲ್ಲಿನ ಮೇಲೆ ಅಚ್ಚು ಹೊಡೆಯಬಹುದು, ಚಾಕುವಿನಿಂದ ಮೇಲ್ಗೆರೆ ಎಳೆಯಬಹುದು. ಆರುಪಾರು ಕತ್ತರಿಸುವುದನ್ನೂ ಪಂಚಿನಿಂದ ತೂತು ಹೊಡೆಯುವುದನ್ನೂ ಮಾಡಬಾರದು. ಒಂದೇ ಪೆಟ್ಟಿಗೆ ಪಂಚಿನ ಬಾಯಿ ಮಡಚಿಕೊಳ್ಳುತ್ತದೆ. ಆ ಕೆಲಸಕ್ಕೆ ದಪ್ಪ ರಬ್ಬರ್ ಅಥವಾ ನೈಲಾನ್ ಹಲಗೆಯನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕು, ಮತ್ತು ಅಚ್ಚು ಹೊಡೆಯುವಾಗ ಅದನ್ನು ಕಲ್ಲಿನ ಮೇಲಿಂದ ತೆಗೆದಿಡಬೇಕು.

ಒಂದು ಕಡೆ ಆಳ, ಇನ್ನೊಂದು ಕಡೆ ತೇಲು

ಅಚ್ಚುಗಳು ಕೆಲವೆಡೆ ಆಳವಾಗಿ, ಕೆಲವೆಡೆ ತೇಲಿದಂತೆ ಬೀಳುತ್ತಿದ್ದರೆ ಚರ್ಮವನ್ನು ಇದ್ದ ಜಾಗದಲ್ಲಿಯೇ ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆದು ನೋಡಬೇಕು. ತೆಳುವಾದ ಭಾಗ ಚರ್ಮದ ಜೊತೆ ತಿರುಗಿ ಬಂದರೆ ಚರ್ಮದ ದಪ್ಪ ಒಂದೇ ಸಮನಾಗಿಲ್ಲ, ಅಥವಾ ಆ ಭಾಗಕ್ಕೆ ತೇವ ಸರಿಯಾಗಿ ಇಳಿದಿಲ್ಲ. ಹೊಟ್ಟೆಯ ಭಾಗದ ಚರ್ಮ ಸಡಿಲ, ಬೆನ್ನಿನ ಭಾಗದ್ದು ಬಿಗಿ. ಎರಡೂ ಒಂದೇ ತುಂಡಿನಲ್ಲಿ ಬಂದಿದ್ದರೆ ಈ ವ್ಯತ್ಯಾಸ ಸಹಜ. ತೆಳುವಾದ ಭಾಗ ಕಲ್ಲಿನ ಅದೇ ಜಾಗದಲ್ಲಿ ನಿಂತರೆ ಕಲ್ಲು ಅಲ್ಲಿ ತಗ್ಗಾಗಿದೆ. ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಟ್ಟರೆ ಬೆಳಕು ನುಸುಳುವ ಜಾಗ ಗೊತ್ತಾಗುತ್ತದೆ. ಇವೆರಡೂ ಅಲ್ಲದೆ ಪ್ರತಿ ಅಚ್ಚಿನ ಎಡ ಅಂಚು ಮಾತ್ರ ಆಳ, ಅಥವಾ ಬಲ ಅಂಚು ಮಾತ್ರ ಆಳ ಎಂಬಂತಿದ್ದರೆ ಅಚ್ಚನ್ನು ಓರೆಯಾಗಿ ಹಿಡಿಯಲಾಗುತ್ತಿದೆ. ಕೈಯ ದೋಷವನ್ನು ಕಲ್ಲಿನ ದೋಷದಿಂದ ಬೇರ್ಪಡಿಸಲು ಇಷ್ಟು ನಂಬಿಕೆಯ ಬೇರೊಂದು ಪರೀಕ್ಷೆಯನ್ನು ನಾನು ಕಂಡಿಲ್ಲ.

ಚರ್ಮವೇ ಒಪ್ಪದಿದ್ದರೆ

ನೆಲೆಯೂ ಕಲ್ಲೂ ಸರಿಯಿದ್ದು, ಅಚ್ಚು ಬಿದ್ದ ಸ್ವಲ್ಪ ಹೊತ್ತಿಗೆ ಉಬ್ಬಿ ಸಮನಾಗುತ್ತಿದ್ದರೆ ಚರ್ಮದ ಜಾತಿಯನ್ನು ಪರಿಶೀಲಿಸಬೇಕು. ಬ್ಯಾಗು, ಜಾಕೆಟ್ಟು, ಶೂಗಳಿಗೆ ಬರುವ ಚರ್ಮದಲ್ಲಿ ಬಹುಪಾಲು ಕ್ರೋಮಿಯಂ ಲವಣದಿಂದ ಹದ ಮಾಡಿದ್ದು. ಅದು ಮೆತ್ತಗೆ, ಸ್ಪ್ರಿಂಗಿನ ಗುಣದ್ದು, ಒತ್ತಿದ ಗುರುತನ್ನು ಹಿಡಿದುಕೊಳ್ಳುವುದಿಲ್ಲ. ಕೆತ್ತನೆಗೂ ಅಚ್ಚಿಗೂ ಬೇಕಾದದ್ದು ತೊಗಟೆ, ಕಾಯಿಗಳ ಒಗರಿನಿಂದ ಹದಗೊಂಡ ಚರ್ಮ. ಗುರುತಿಸಲು ಮೊದಲು ಕತ್ತರಿಸಿದ ಅಂಚನ್ನು ನೋಡಬೇಕು. ಅಂಚಿನ ನಡುವೆ ನೀಲಿ-ಬೂದು ಛಾಯೆ ಇದ್ದರೆ ಕ್ರೋಮ್, ಕಂದು ಅಥವಾ ಹಳದಿ ಮಿಶ್ರಿತ ಬಣ್ಣವಿದ್ದರೆ ಒಗರಿನದು. ಬಣ್ಣ ಹಾಕಿದ ಚರ್ಮದಲ್ಲಿ ಇದು ಮೋಸ ಮಾಡಬಹುದು. ಆಗ ಬೆರಳಗಲದ ಪಟ್ಟಿಯೊಂದನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಮುಳುಗಿಸಬೇಕು. ಒಗರಿನ ಚರ್ಮ ಕುಗ್ಗಿ, ಸುರುಳಿಗಟ್ಟಿ, ಗಟ್ಟಿಯಾಗುತ್ತದೆ. ಕ್ರೋಮ್ ಚರ್ಮ ಹೆಚ್ಚು ಬದಲಾಗದೆ ಹೊರಗೆ ಬರುತ್ತದೆ.

ಸರಿಯಾದ ಜಾತಿಯ ಚರ್ಮವಾಗಿದ್ದರೂ ಕಲಿಯುವವರಿಗೆ 2.5ರಿಂದ 3.5 ಮಿ.ಮೀ. ದಪ್ಪ ಅನುಕೂಲ. ಅದಕ್ಕಿಂತ ತೆಳುವಾದದ್ದರಲ್ಲಿ ಆಳ ತೋರಿಸಲು ಜಾಗವೇ ಇರುವುದಿಲ್ಲ. ಚಪ್ಪಲಿಯ ಅಟ್ಟೆಗೆ ಬಳಸುವ ದಪ್ಪ ಚರ್ಮ ಅಚ್ಚು ಹಿಡಿಯುತ್ತದೆಯಾದರೂ ನೀರು ಕುಡಿಯಲು ಬಹಳ ಹೊತ್ತು ಬೇಕು. ಎಣ್ಣೆ ಅಥವಾ ಮೇಣ ಹಚ್ಚಿದ ಚರ್ಮ ನೀರು ಕುಡಿಯುವುದೇ ಇಲ್ಲ. ಕೆತ್ತನೆ ಮುಗಿಯುವವರೆಗೆ ಎಣ್ಣೆ ಹಚ್ಚಬಾರದು.

ತೇವದ ದೋಷಗಳು

ಒದ್ದೆ ಬಟ್ಟೆಯಿಂದ ಮೇಲೆ ಒರೆಸಿದ ಮಾತ್ರಕ್ಕೆ ಚರ್ಮ ತೇವವಾಯಿತೆಂದು ತಿಳಿಯಬಾರದು. ಸ್ಪಂಜಿನಿಂದ ನೀರು ಕುಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೆಲವು ಗಂಟೆ, ದಪ್ಪ ಚರ್ಮವಾದರೆ ಒಂದು ರಾತ್ರಿ ಇಟ್ಟರೆ ನೀರು ಎಲ್ಲ ಪದರಗಳಿಗೂ ಸಮನಾಗಿ ಇಳಿಯುತ್ತದೆ. ಹೊರತೆಗೆದ ಮೇಲೆ ಗಾಳಿಗೆ ಬಿಟ್ಟು, ಮೇಲ್ಮೈಯ ಬಣ್ಣ ಒಣಚರ್ಮದ ಬಣ್ಣಕ್ಕೆ ಹತ್ತಿರ ತಿರುಗುತ್ತಿರುವಾಗ, ಆದರೆ ಅಂಗೈ ಹಿಂಭಾಗಕ್ಕೆ ತಾಗಿಸಿದರೆ ಇನ್ನೂ ತಂಪಾಗಿರುವಾಗ ಕೆಲಸ ಆರಂಭಿಸಬೇಕು. ಹದ ಸರಿಯಿದ್ದುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯಿದೆ: ಅಚ್ಚು ಎತ್ತಿದಾಗ ತಳ ಸುತ್ತಲಿಗಿಂತ ಗಾಢ ಕಂದು ಬಣ್ಣಕ್ಕೆ ತಿರುಗಿರುತ್ತದೆ ಮತ್ತು ತಿಕ್ಕಿದಂತೆ ಹೊಳೆಯುತ್ತದೆ. ಅಚ್ಚಿನ ಸುತ್ತ ನೀರು ಉಕ್ಕಿ, ಅಂಚುಗಳು ಮೊಂಡಾಗಿ, ಆ ಕಂದು ಬಣ್ಣ ಬರದಿದ್ದರೆ ನೀರು ಹೆಚ್ಚಾಗಿದೆ, ಕಾಯಬೇಕಷ್ಟೆ. ಬಲವಾಗಿ ಹೊಡೆದರೂ ಇಳಿಯದೆ, ಮೇಲ್ಮೈ ಸಣ್ಣಗೆ ಬಿರಿಯುತ್ತಿದ್ದರೆ ಒಣಗಿದೆ. ಸ್ಪಂಜನ್ನು ಇಡೀ ತುಂಡಿಗೆ ಆಡಿಸಬೇಕು, ಒಣಗಿದ ಜಾಗಕ್ಕೆ ಮಾತ್ರ ನೀರು ಹಾಕಿದರೆ ಸುತ್ತ ಕಲೆಯ ಗೆರೆ ನಿಲ್ಲುತ್ತದೆ.

ಹೊತ್ತಿನ ಲೆಕ್ಕವನ್ನು ಬೇರೆ ಊರಿನವರ ಮಾತಿನಿಂದ ತೆಗೆದುಕೊಳ್ಳಬಾರದು. ಏಪ್ರಿಲ್ ತಿಂಗಳ ವಿಜಯಪುರದಲ್ಲಿ, ಫ್ಯಾನಿನ ಕೆಳಗೆ, ಕಲ್ಲಿನ ಮೇಲಿರುವ ಚರ್ಮ ಒಂದು ಹೂವು ಮುಗಿಯುವಷ್ಟರಲ್ಲಿ ಒಣಗಿ ಬಿಗಿಯುತ್ತದೆ. ಅಲ್ಲಿ ಫ್ಯಾನ್ ನಿಲ್ಲಿಸಿ, ಕೆಲಸ ಮಾಡದ ಭಾಗದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬೆಳಗಿನ ಹೊತ್ತಿನಲ್ಲಿ ಮಾಡುವುದು ಲೇಸು. ಜುಲೈ ತಿಂಗಳ ಬೆಳಗಾವಿಯಲ್ಲಿ ಅದೇ ಚರ್ಮ ಹದಕ್ಕೆ ಬರಲು ಮಧ್ಯಾಹ್ನವೇ ಆಗಬಹುದು. ಎರಡೂ ಕಡೆ ಗಡಿಯಾರಕ್ಕಿಂತ ಬಣ್ಣವನ್ನೂ ತಂಪನ್ನೂ ನಂಬಬೇಕು. ಕೊಳವೆಬಾವಿಯ ಗಡಸು ನೀರು ಒಣಗಿದ ಮೇಲೆ ಬಿಳಿ ಛಾಯೆ ಬಿಡುತ್ತಿದ್ದರೆ ಹಿಡಿದಿಟ್ಟ ಮಳೆನೀರನ್ನೋ ಫಿಲ್ಟರ್ ನೀರನ್ನೋ ಬಳಸಬೇಕು.

ಕೆಲಸ ಮುಗಿದಾಗ ಚಿತ್ರ ಹಿಗ್ಗಿ ವಕ್ರವಾಗುವುದು, ತುಂಡು ಮುದುಡುವುದು ಇನ್ನೊಂದು ಸಾಮಾನ್ಯ ದೂರು. ಆರಂಭಿಸುವ ಮುನ್ನ ಚರ್ಮದ ಒರಟು ಮುಖಕ್ಕೆ, ಅಂದರೆ ಹಿಂಬದಿಗೆ, ಪ್ಯಾಕಿಂಗ್ ಟೇಪನ್ನು ಸಾಲಾಗಿ ಅಂಟಿಸಿದರೆ ಚರ್ಮ ಹಿಗ್ಗುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಅಚ್ಚು, ಕೊಡತಿ, ಚಾಕು

ಇಷ್ಟೆಲ್ಲ ಸರಿಯಿದ್ದ ಮೇಲೆ ಉಪಕರಣಗಳ ಸರದಿ. ಕಬ್ಬಿಣದ ಸುತ್ತಿಗೆಯಿಂದ ಅಚ್ಚು ಹೊಡೆಯಬಾರದು. ಅಚ್ಚಿನ ತಲೆ ಅಣಬೆಯಂತೆ ಹರಡುತ್ತದೆ, ಪೆಟ್ಟೂ ಪುಟಿಯುತ್ತದೆ. 400–500 ಗ್ರಾಂ ತೂಕದ ಮರದ ಕೊಡತಿ ಅಥವಾ ನೈಲಾನ್ ಸುತ್ತಿಗೆ ಸಾಕು. ಗೆರೆಯ ಪಕ್ಕವನ್ನು ಓರೆಯಾಗಿ ತಗ್ಗಿಸುವ ಬೆವೆಲರ್ ಅಚ್ಚಿನ ಹಾದಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದ್ದರೆ, ಪ್ರತಿ ಪೆಟ್ಟಿಗೂ ಅಚ್ಚನ್ನು ಅದರ ಅಗಲದ ಅರ್ಧಕ್ಕಿಂತ ಕಡಿಮೆ ಸರಿಸುತ್ತ ಹೋಗಬೇಕು. ತಿರುಗುವ ಹಿಡಿಯ ಸ್ವಿವೆಲ್ ಚಾಕು ಚರ್ಮವನ್ನು ಎಳೆದು ಹರಿಯುತ್ತಿದ್ದರೆ ಅಲಗು ಮೊಂಡಾಗಿದೆ. ಪಾಲಿಶ್ ಪುಡಿ ಹಚ್ಚಿದ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆದು ಹರಿತ ತರಬೇಕು. ಗೆರೆಯ ಆಳ ಚರ್ಮದ ದಪ್ಪದ ಮೂರನೆಯ ಒಂದು ಭಾಗದಿಂದ ಅರ್ಧದೊಳಗೆ ಇರಬೇಕು.

ಕಪ್ಪು ಕಲೆ

ತೇವದ ಚರ್ಮದ ಮೇಲೆ ಮಸಿ ಚೆಲ್ಲಿದಂಥ ನೀಲಿಗಪ್ಪು ಚುಕ್ಕೆಗಳು ಎದ್ದರೆ ಅದು ಬೂಷ್ಟಲ್ಲ, ಕಬ್ಬಿಣ. ಚರ್ಮದಲ್ಲಿರುವ ಒಗರು ಕಬ್ಬಿಣದ ಸಂಪರ್ಕಕ್ಕೆ ಬಂದೊಡನೆ ಕಪ್ಪಾಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದ ಲವಣವಾದ ಅನ್ನಭೇದಿ ಸೇರಿಸಿ ಹಿಂದಿನವರು ಬರೆಯುವ ಮಸಿ ಮಾಡಿಕೊಳ್ಳುತ್ತಿದ್ದದ್ದೂ ಇದೇ ಗುಣದಿಂದ. ಮೂಲವನ್ನು ಚುಕ್ಕೆಗಳ ಆಕಾರವೇ ಹೇಳುತ್ತದೆ. ಕಲೆ ಅಚ್ಚಿನ ಗುರುತುಗಳ ಒಳಗೆ ಮಾತ್ರ ಇದ್ದರೆ ಅಚ್ಚಿಗೆ ತುಕ್ಕು ಹಿಡಿದಿದೆ. ಮೊಳೆ, ಬೋಲ್ಟುಗಳನ್ನು ಅರದಿಂದ ತಿಕ್ಕಿ ಅಚ್ಚು ಮಾಡಿಕೊಂಡವರಿಗೆ ಇದು ಹೆಚ್ಚು, ಅವರು ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟು ಆರಿಸಿಕೊಳ್ಳಬೇಕು. ಕಲೆ ಒರಟು ಮುಖದಲ್ಲಿ ಸಾಸಿವೆಯಷ್ಟು ಸಣ್ಣ ಚುಕ್ಕೆಗಳಾಗಿ ಚದುರಿದ್ದರೆ ಕಲ್ಲಿನ ಮೇಲೆ ಕಬ್ಬಿಣದ ಪುಡಿ ಬಿದ್ದಿದೆ. ಮನೆಯ ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿಯಿದ್ದರೆ, ಅಥವಾ ಅದೇ ಕಲ್ಲಿನ ಮೇಲೆ ಅರ ಹಿಡಿದಿದ್ದರೆ ಹೀಗಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಕಲ್ಲಿನ ಮೇಲೆ ಆಡಿಸಿದರೆ ಪುಡಿ ಬಟ್ಟೆಗೆ ಹತ್ತಿಕೊಂಡು ಕಾಣುತ್ತದೆ. ನೀರು ಹಾಕಿದ ಕೂಡಲೇ ಇಡೀ ತುಂಡು ಕಪ್ಪಾಗುತ್ತ ಬಂದರೆ ನೀರಿನಲ್ಲಿಯೇ ಕಬ್ಬಿಣವಿದೆ.

ಹೊಸ ಕಲೆಗೆ ಲಿಂಬೆರಸವನ್ನು ನೀರಿನಲ್ಲಿ ಬೆರೆಸಿ ಹಚ್ಚಿದರೆ ಬಹಳಷ್ಟು ತಿಳಿಯಾಗುತ್ತದೆ. ಕಲೆಯ ಮೇಲಷ್ಟೇ ಹಚ್ಚದೆ ಇಡೀ ಮುಖಕ್ಕೆ ಹಚ್ಚಬೇಕು, ಇಲ್ಲವಾದರೆ ಅಲ್ಲಿ ಮಾತ್ರ ಚರ್ಮ ಬೆಳ್ಳಗಾಗಿ ಹೊಸದೊಂದು ಮಚ್ಚೆ ಉಳಿಯುತ್ತದೆ. ಅನಂತರ ಸ್ವಚ್ಛ ನೀರಿನ ಸ್ಪಂಜಿನಿಂದ ಒರೆಸಿ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಚರ್ಮ ಬಿಗಿದು ಸೆಟೆಯುತ್ತದೆ. ಕಲ್ಲನ್ನು ಪ್ರತಿ ದಿನದ ಕೆಲಸದ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿಕೊಂಡೇ ಚರ್ಮ ಹಾಸಬೇಕು, ಮತ್ತು ಕೆಲಸವಿಲ್ಲದಾಗ ಅದರ ಮೇಲೆ ಬಟ್ಟೆ ಹೊದಿಸಿಡಬೇಕು.